ಮಣ್ಣು ಮಾರುವವಳ ಗಿರಾಕಿಗಳು

ಬಂಗಾರದ ಅಂಗಡಿಯಲ್ಲಿ ಜನ ಅಳೆದು ತೂಗಿ ಮಾತಾಡುತ್ತಾರೆ. ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಬಿಟ್ಟು ಬೇರೆ ಮಾತಿಲ್ಲ. ಮಣ್ಣಿನ ಅಂಗಡಿಗೆ ಬಂದವರು ಮಾತ್ರ ಮನೆಯ ಸಮಾಚಾರವನ್ನೆಲ್ಲ ಸುರಿದು ಹೋಗುತ್ತಾರೆ. ಹಾಗಾಗಿ ನನಗೆ ವ್ಯಾಪಾರ ಆಗದ ದಿನ ಬೇಕಾದಷ್ಟಿವೆ, ನಗದೆ ಬಾಗಿಲು ಹಾಕಿದ ದಿನ ಇಲ್ಲ.

ಚಳ್ಳಕೆರೆಯಲ್ಲಿ ನಮ್ಮ ಮನೆಯ ಮುಂದಿನ ಜಗಲಿಯೇ ನನ್ನ ಅಂಗಡಿ. ಕೆಂಪು ಮಣ್ಣು, ಮರಳು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕುರಿ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಎಲ್ಲ ಬೆರೆಸಿ, ಜರಡಿ ಹಿಡಿದು, ಚೀಲಕ್ಕೆ ತುಂಬಿ ಮಾರುತ್ತೇನೆ. ಮಾಳಿಗೆ ಮೇಲೆ, ಅಂಗಳದಲ್ಲಿ, ಕುಂಡದಲ್ಲಿ ತರಕಾರಿ ಬೆಳೆಯುವವರಿಗೆ ಅಂತಲೇ ಮಾಡಿದ ಮಣ್ಣು. ಜೊತೆಗೆ ಒಂದಿಷ್ಟು ಕುಂಡಗಳನ್ನೂ ಇಟ್ಟಿದ್ದೇನೆ. ಅಂಗಡಿ ಶುರು ಮಾಡುತ್ತೇನೆ ಎಂದ ದಿನ ನಮ್ಮ ಅತ್ತೆ ಆ ಜಗಲಿಯ ಮೇಲೇ ಕೂತಿದ್ದರು. ದಿನಾ ಸಂಜೆ ಗೆಳತಿಯರನ್ನು ಕೂರಿಸಿಕೊಂಡು ಓಣಿಯ ನ್ಯಾಯವನ್ನೆಲ್ಲ ಅವರು ತೀರ್ಮಾನ ಮಾಡುತ್ತಿದ್ದ ಜಾಗ ಅದು.

"ಮಣ್ಣನ್ನ ದುಡ್ಡು ಕೊಟ್ಟು ಕೊಳ್ಳೋ ಮನುಷ್ಯ ಈ ಊರಾಗೆ ಇನ್ನೂ ಹುಟ್ಟಿಲ್ಲ ಕಣೇ" ಎಂದರು.

"ಹುಟ್ಟಿದಾರೆ ಅತ್ತೆ, ನೋಡ್ತಿರ್ರಿ" ಎಂದೆ.

"ಒಂದು ಸಲ ಯಾರಾದ್ರೂ ಮೋಸ ಹೋಗ್ತಾರೆ, ಅದು ಲೆಕ್ಕಕ್ಕಿಲ್ಲ. ತಗಂಡು ಹೋದೋರು ತಿರುಗಿ ಬಂದು ಅದೇ ಮಣ್ಣು ಕೊಡು ಅನ್ನಬೇಕು. ಯುಗಾದಿ ಒಳಗೆ ಒಬ್ಬರಾದ್ರೂ ಹಂಗೆ ಕೇಳಿದ್ರೆ ಜಗಲಿ ನಿಂದು. ಇಲ್ಲಾಂದ್ರೆ ಚೀಲ ಎತ್ತು, ನಾನು ಕೂರ್ಬೇಕು."

ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು, "ಅವ್ವ ಹೇಳಿದ್ದೂ ಸರಿ, ನೀನು ಹೇಳಿದ್ದೂ ಸರಿ" ಎಂದು ಎರಡೂ ಕಡೆಯಿಂದ ತಮ್ಮ ಊಟ ಭದ್ರ ಮಾಡಿಕೊಂಡರು. ನನಗೆ ಮಾತ್ರ ಈ ಅಂಗಡಿ ಬೇಕೇ ಬೇಕಿತ್ತು. ಮದುವೆಯಾಗಿ ಬಂದ ಮೇಲೆ ಇದು ನನ್ನದು ಅಂತ ಹೇಳಿಕೊಳ್ಳುವ ಮೊದಲ ಕೆಲಸ ಅದು. ಒಬ್ಬರೇ ಒಬ್ಬರು ಎರಡನೇ ಸಲ ಬರಲಪ್ಪಾ ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ.

ಮೇಷ್ಟ್ರ ಹಿಂಡಿ

ಮೊದಲ ಗಿರಾಕಿ ನಿವೃತ್ತ ಮೇಷ್ಟ್ರು. ಮಣ್ಣು ತೆಗೆದುಕೊಂಡು ಹೋಗಿ ಅಂಗಳದ ಕುಂಡದಲ್ಲಿ ಟೊಮೆಟೊ ಹಾಕಿದರು. ಗಿಡ ಸ್ವಲ್ಪ ಸೊರಗಿದೆ ಎಂದಾಗ ನಾನು, "ಶೇಂಗಾ ಹಿಂಡಿ ನೀರಾಗೆ ನೆನೆಹಾಕಿ, ಆ ನೀರನ್ನ ತೆಳ್ಳಗೆ ಮಾಡಿ ಬುಡಕ್ಕೆ ಹಾಕ್ರಿ ಸಾರ್" ಎಂದೆ. ನಮ್ಮೂರಲ್ಲಿ ಮಿಲ್ಲು ಹೆಚ್ಚು, ಹಿಂಡಿಗೇನು ಬರವಿಲ್ಲ. ಅವರು ನೆನೆಸುವ ರಗಳೆ ಯಾಕೆ ಅಂತ ಹಿಂಡಿಯ ಹೆಂಟೆಗಳನ್ನೇ ಕುಂಡದ ತುಂಬ ಜೋಡಿಸಿಬಿಟ್ಟರು.

ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಎಮ್ಮೆ ಕುಂಡದೊಳಗೆ ಮುಖ ಇಟ್ಟಿದೆ. ಹಿಂಡಿಯೂ ಇಲ್ಲ, ಗಿಡವೂ ಇಲ್ಲ. ಮೇಷ್ಟ್ರು ಮತ್ತೆ ಸಸಿ ನೆಟ್ಟರು, ಮತ್ತೆ ಹಿಂಡಿ ಇಟ್ಟರು. ಎಮ್ಮೆ ಮತ್ತೆ ಬಂತು. ಮೇಷ್ಟ್ರ ಛಲ ದೊಡ್ಡದೋ ಎಮ್ಮೆಯ ಛಲ ದೊಡ್ಡದೋ ಎಂದು ಓಣಿಯವರು ಗೇಟಿನ ಹತ್ತಿರ ನಿಂತು ನೋಡತೊಡಗಿದರು. ಕಡೆಗೆ ಮೇಷ್ಟ್ರೇ ಸೋತು, "ನಿನ್ನ ಮಣ್ಣಿನ ಸಹವಾಸ ಸಾಕಮ್ಮ" ಎಂದು ನನಗೆ ಕೈ ಮುಗಿದರು. ಅತ್ತೆ ನನ್ನ ಮುಖ ನೋಡಿ ಎಲೆ ಅಡಿಕೆ ಹಾಕಿಕೊಂಡರು.

ಅದಾದ ಕೆಲವು ದಿನಕ್ಕೆ ಎಮ್ಮೆಯ ಯಜಮಾನ ಜಗಲಿ ಹತ್ತಿ ಬಂದ. ಜಗಳಕ್ಕೆ ಬಂದನೇನೋ ಎಂದು ನಾನು ಎದ್ದು ನಿಂತೆ.

"ಅಕ್ಕಾ, ಮೇಷ್ಟ್ರು ಹಿಂಡಿ ಇಡಾದು ನಿಲ್ಲಿಸಿದ ಮ್ಯಾಲೆ ಎಮ್ಮೆ ಹಾಲು ಕಮ್ಮಿ ಮಾಡೈತೆ" ಎಂದ.

"ಮಿಲ್ಲಿನಾಗೆ ಹಿಂಡಿ ಸಿಗ್ತದಲ್ಲಪ್ಪ, ತಂದು ಹಾಕು."

"ತಂದು ಬಾನಿಗೆ ಹಾಕೀನಿ ಅಕ್ಕಾ, ಮೂಸಿನೂ ನೋಡಲ್ಲ. ಅದಕ್ಕೆ ಕುಂಡದಾಗೆ ತಿಂದೇ ರೂಢಿ ಆಗೈತೆ. ಒಂದು ದೊಡ್ಡ ಕುಂಡ ಕೊಡು."

ನೀರು ಹೆಚ್ಚಾಗಿ ಸತ್ತ ಗಿಡ

ಎದುರು ಮನೆಯ ನರ್ಸಮ್ಮ ಬಹಳ ಅಚ್ಚುಕಟ್ಟಿನವರು. ಮಣ್ಣು ಕೊಡುವಾಗ ನಾನು ಕುಂಡದ ತಳದ ತೂತು ತೋರಿಸಿ, "ಇದರ ಮೇಲೆ ಹೆಂಚಿನ ಚೂರು ಇಡ್ರಿ, ಹೆಚ್ಚಾದ ನೀರು ಇಳಿದು ಹೋಗಬೇಕು" ಎಂದೆ. ಅವರು ಆಯ್ತು ಆಯ್ತು ಎಂದು ತಲೆ ಆಡಿಸಿ ಮನೆಗೆ ಹೋದರು. ಹೋದವರು ಕೂತು ಯೋಚನೆ ಮಾಡಿದ್ದಾರೆ. ಕೊಳಾಯಿಯಲ್ಲಿ ನೀರು ಬಂದ ದಿನ ಲೋಟವನ್ನೂ ಬಿಡದೆ ತುಂಬಿಟ್ಟುಕೊಳ್ಳುವ ಊರಿದು. ಇಲ್ಲಿ ನೀರು ಹೆಚ್ಚಾಗುವುದು ಅಂದರೇನು, ಅದನ್ನು ತೂತು ಮಾಡಿ ಹೊರಗೆ ಬಿಡುವುದು ಅಂದರೇನು? ಗಾರೆಯವನನ್ನು ಕರೆಸಿ ಅಷ್ಟೂ ಕುಂಡದ ತೂತಿಗೆ ಸಿಮೆಂಟು ಮೆತ್ತಿಸಿದರು.

ಮೆಣಸಿನ ಗಿಡಗಳು ಹಳದಿಯಾಗಿ, ಬುಡ ಕೊಳೆತು ಮಲಗಿದವು. ನಾನು ಹೋಗಿ ಕುಂಡ ಬಗ್ಗಿಸಿ ನೋಡಿದರೆ ಮಣ್ಣು ಗಂಜಿಯಾಗಿತ್ತು.

"ಏನು ರೋಗ?" ಎಂದರು ನರ್ಸಮ್ಮ.

"ರೋಗ ಅಲ್ಲ ಮೇಡಂ, ನೀರು ಜಾಸ್ತಿಯಾಗಿ ಸತ್ತೋಗ್ಯಾವೆ" ಎಂದೆ.

ಈ ಮಾತು ಓಣಿಯಲ್ಲಿ ಹೇಗೆ ಹಬ್ಬಿತೋ ಕಾಣೆ. ಅತ್ತೆಯ ಗೆಳತಿಯರು ಬಂದು ನೋಡಿದರು. ಸಂತೆಗೆ ಬಂದಿದ್ದ ಹಳ್ಳಿಯ ಅಜ್ಜ ಒಬ್ಬರು, "ಚಳ್ಳಕೆರೆಯಾಗೆ ನೀರು ಜಾಸ್ತಿಯಾಗಿ ಗಿಡ ಸತ್ತೈತಂತೆ, ಹೌದಾ?" ಎಂದು ವಿಳಾಸ ಕೇಳಿಕೊಂಡೇ ಬಂದರು. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಮೆತ್ತಗಾದ ಬುಡವನ್ನು ಮುಟ್ಟಿ ಮುಟ್ಟಿ ನೋಡಿದರು. ನರ್ಸಮ್ಮ ನಾಚಿಕೆಯಿಂದ ಗಿಡ ಕಿತ್ತು ಹಾಕಲು ಹೋದಾಗ ಅಜ್ಜ ತಡೆದರು.

"ಕೀಳಬ್ಯಾಡ್ರಿ ತಾಯಿ. ನಾಡಿದ್ದು ಮೊಮ್ಮಕ್ಕಳನ್ನ ಕರ್ಕಂಡು ಬರ್ತೀನಿ. ಅವು ಇಂಥದ್ದನ್ನ ಎಲ್ಲಿ ನೋಡ್ಬೇಕು."

ಉಬ್ಬಿದ ಇಟ್ಟಿಗೆ

ತೆಂಗಿನ ನಾರಿನ ಪುಡಿ ನನಗೆ ಇಟ್ಟಿಗೆಯಂತೆ ಒತ್ತಿದ ರೂಪದಲ್ಲಿ ಬರುತ್ತದೆ. ನೀರಲ್ಲಿ ಹಾಕಿದರೆ ಉಬ್ಬಿ ಬುಟ್ಟಿ ತುಂಬುತ್ತದೆ. ಇದು ಅತ್ತೆಗೆ ಗೊತ್ತಿರಲಿಲ್ಲ. ಬಚ್ಚಲಲ್ಲಿ ಹಿಮ್ಮಡಿ ಉಜ್ಜುವಾಗ ಹತ್ತಿ ನಿಲ್ಲಲು ಒಂದು ಕಲ್ಲು ಬೇಕಿತ್ತು. ಜಗಲಿಯಲ್ಲಿ ಜೋಡಿಸಿಟ್ಟಿದ್ದ ಇಟ್ಟಿಗೆ ಕಣ್ಣಿಗೆ ಬಿತ್ತು. ಸೊಸೆಯದೇ ತಾನೆ ಎಂದು ಒಂದನ್ನು ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು. "ಏನೇ, ಬಾರೇ ಇಲ್ಲಿ. ಇಟ್ಟಿಗೆ ಬೆಳೀತಾ ಐತೆ."

"ಏನತ್ತೆ?"

"ನಾನು ಮ್ಯಾಲೆ ಮ್ಯಾಲೆ ಹೋಗ್ತಾ ಇದೀನಿ ಕಣೇ."

ಆಮೇಲೆ ಅದು ಕುಸಿದು ಬಚ್ಚಲ ತೂಬು ಕಟ್ಟಿ, ನೀರೆಲ್ಲ ನಡುಮನೆಗೆ ಬಂತು. ಅತ್ತೆ ಮೊಣಕಾಲಿನವರೆಗೆ ಕಂದು ಪುಡಿ ಮೆತ್ತಿಕೊಂಡು ಹೊರಗೆ ಬಂದರು. ನಾನು ನಗಬಾರದು ಎಂದು ಸೆರಗು ಬಾಯಿಗೆ ಇಟ್ಟುಕೊಂಡೆ, ಆದರೂ ತಡೆಯಲಾಗಲಿಲ್ಲ. ಅತ್ತೆಗೆ ರೇಗಿಹೋಯಿತು. "ಯುಗಾದಿ ಬರಲಿ, ನಿನ್ನ ಇಟ್ಟಿಗೆ ಮಣ್ಣು ಎಲ್ಲ ಬೀದಿಗೆ" ಎಂದು ಸಾರಿದರು. ಸಾಲದ್ದಕ್ಕೆ ಓಣಿಯಲ್ಲಿ ಮನೆ ಮನೆಗೂ ಹೋಗಿ, ತಮ್ಮನ್ನು ಎತ್ತಿ ನಿಲ್ಲಿಸಿದ ಇಟ್ಟಿಗೆಯ ದೂರು ಹೇಳಿ ಬಂದರು.

ಮಾರನೆಯ ದಿನ ನಾನು ಕಂಡೇ ಇರದ ಕುಳ್ಳಗಿನ ಹೆಂಗಸೊಬ್ಬರು ಅಂಗಡಿಗೆ ಬಂದು ಸಣ್ಣ ದನಿಯಲ್ಲಿ ಕೇಳಿದರು, "ನಿಮ್ಮತ್ತೆ ಹತ್ತಿ ನಿಂತಿದ್ರಂತಲ್ಲ, ಆ ಇಟ್ಟಿಗೆ ಐತಾ?"

ಮಾಳಿಗೆ ಏರಿದ ಮಂದೆ

ಯುಗಾದಿ ಹತ್ತಿರ ಬಂತು. ಕುಂಡ ಮಾರಿಹೋಯಿತು, ಇಟ್ಟಿಗೆ ಮಾರಿಹೋಯಿತು, ಮಣ್ಣಿಗೆ ಎರಡನೇ ಸಲ ಬಂದವರು ಯಾರೂ ಇಲ್ಲ. ಅತ್ತೆ ಆಗಲೇ ಜಗಲಿಗೆ ಹಾಸಲು ಹೊಸ ಚಾಪೆ ತರಿಸಿಟ್ಟಿದ್ದರು. ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ಉಳಿದಿದ್ದ ಒಂದೇ ಆಸೆ ಮೊಳಕಾಲ್ಮೂರಿನ ಒಬ್ಬ ಅಮ್ಮ. ರೇಷ್ಮೆ ಸೀರೆ ನೇಯುವ ಮನೆಯವರು, ಮನೆಮಾತು ತೆಲುಗು. ನನ್ನ ಮಣ್ಣು ಕೊಂಡು ಮಾಳಿಗೆ ಮೇಲೆ ಬದನೆ ಹಾಕಿದ್ದರು. ಒಂದು ದಿನ ಫೋನು ಮಾಡಿ, "ಗಿಡ ಬಾಗುಂದಿ ತಲ್ಲೀ, ಚೆನ್ನಾಗೇ ಇದೆ, ಹೂವು ಮಾತ್ರ ನಿಲ್ತಿಲ್ಲ. ಏನು ಹಾಕ್ಲಿ?" ಎಂದರು.

"ಕುರಿ ಗೊಬ್ಬರ ಹಾಕ್ರಿ ಅಮ್ಮ" ಎಂದೆ. "ಹೊಲದಾಗೆ ಕುರಿ ನಿಲ್ಲಿಸ್ತಾರಲ್ಲ, ಆ ಭೂಮಿ ಹೆಂಗೆ ಬೆಳೀತದೆ ನೋಡೀರಲ್ಲ."

ನಮ್ಮ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿಮಂದೆ ತಂಗಿಸುವುದು ಹಿಂದಿನಿಂದ ಬಂದ ಪದ್ಧತಿ. ಕುರಿ ಹಿಕ್ಕೆ ಹಾಕಿ ಹೋಗುತ್ತದೆ, ಹೊಲದವರು ಕುರಿಯವನಿಗೆ ಊಟ ಹಾಕಿ ಕಾಳು ಕೊಡುತ್ತಾರೆ. ಗೊಬ್ಬರ ಹೊರುವ ಕೆಲಸವೇ ಇಲ್ಲ. ಆ ಅಮ್ಮನೂ ಹಾಗೇ ಯೋಚಿಸಿದ್ದಾರೆ. ಗೊಬ್ಬರವನ್ನು ಚೀಲದಲ್ಲಿ ಹೊತ್ತು ಮಾಳಿಗೆ ಹತ್ತಿಸುವ ಬದಲು ಕುರಿಗಳೇ ಹತ್ತಿ ಬಂದರೆ ಆಯಿತಲ್ಲ.

ಮರುದಿನ ಬೆಳಗ್ಗೆ ಮತ್ತೆ ಫೋನು. "ತಲ್ಲೀ, ಕುರಿ ಹತ್ತಿದ್ವು. ಇಳೀತಿಲ್ಲ."

ಫೋನು ಇಟ್ಟು ಒಳಗೆ ಓಡಿದೆ. ಅತ್ತೆಗೆ ಹೇಳಿದೆ. ಅತ್ತೆಯ ತವರು ದೊಡ್ಡಉಳ್ಳಾರ್ತಿ, ಹುಟ್ಟಿದ್ದೇ ಕುರಿಹಟ್ಟಿ ಇರುವ ಮನೆಯಲ್ಲಿ. "ನಿನ್ನ ಅಂಗಡಿ ಮುಳುಗೋದನ್ನ ಹತ್ರದಿಂದ ನೋಡ್ಬೇಕು ನಾನು" ಎಂದು ಸೀರೆ ಬದಲಿಸಿ ನನ್ನ ಜೊತೆ ಬಸ್ಸು ಹತ್ತಿದರು.

ಹೋಗಿ ನೋಡಿದರೆ ಬೀದಿಯಲ್ಲಿ ಜನವೋ ಜನ. ಮಾಳಿಗೆಯ ಕಟ್ಟೆಯ ಮೇಲಿಂದ ಸಾಲಾಗಿ ಕುರಿಗಳು ಕೆಳಗಿನವರನ್ನು ನೋಡುತ್ತಿದ್ದವು. ಒಳಗೆ ಯಜಮಾನರು ಮಗ್ಗದಲ್ಲಿದ್ದ ಸೀರೆಗೆ ಕೊಡೆ ಹಿಡಿದು ನಿಂತಿದ್ದರು. ಸೂರಿನ ಬಿರುಕಿನಿಂದ ತೊಟ್ಟು ತೊಟ್ಟಾಗಿ ಕುರಿಗಳ ಕೃಪೆ ಇಳಿಯುತ್ತಿತ್ತು.

"ಸೆರಗು ಒಂದೇ ಬಾಕಿ ಅಮ್ಮಾ. ಸೀರೆ ಮೇಲೆ ಒಂದು ಹನಿ ಬಿದ್ರೂ ನನ್ನ ಕಥೆ ಮುಗೀತು" ಎಂದರು ಯಜಮಾನರು, ಕೊಡೆಯನ್ನು ಅಲ್ಲಾಡಿಸದೆ.

ಹೊರಗಿನ ಮೆಟ್ಟಿಲಿನಿಂದ ಮೇಲೆ ಹತ್ತಿದೆವು. ಸುಗ್ಗಿ ಮುಗಿದ ಹೊಲಕ್ಕೂ ಫಸಲು ಇರುವ ಮಾಳಿಗೆಗೂ ಇರುವ ವ್ಯತ್ಯಾಸ ಕುರಿಗಳಿಗೆ ಚೆನ್ನಾಗಿ ತಿಳಿದಿತ್ತು. ಬದನೆ, ಮೆಣಸು, ಮೆಂತ್ಯ ಯಾವುದನ್ನೂ ಅವು ಬಿಟ್ಟಿರಲಿಲ್ಲ. ಕುಂಡಗಳನ್ನು ಉರುಳಿಸಿ ಅಂಗಡಿಯ ಮಣ್ಣನ್ನೆಲ್ಲ ತುಳಿದು ಹಾಕಿದ್ದವು. ಕುರಿಯವನು ಟಗರಿನ ಕೊಂಬು ಹಿಡಿದು ಮೆಟ್ಟಿಲಿನ ಕಡೆ ಎಳೆಯುತ್ತಿದ್ದ, ಟಗರು ಅವನನ್ನು ನೀರಿನ ಟ್ಯಾಂಕಿನ ಕಡೆ ಎಳೆಯುತ್ತಿತ್ತು. ಅತ್ತೆ ಅವನ ಮುಖ ನೋಡಿ ಸೊಂಟದ ಮೇಲೆ ಕೈ ಇಟ್ಟರು. ಅವನು ಅವರ ಚಿಕ್ಕಪ್ಪನ ಮಗನೇ.

"ಲೇ ತಮ್ಮಾ, ಮಾಳಿಗೆ ಮ್ಯಾಲೆ ಯಾರಾದ್ರೂ ಮಂದೆ ನಿಲ್ಲಿಸ್ತಾರೇನೋ?"

"ಊಟಕ್ಕೆ ಹೋಳಿಗೆ ಅಂದ್ರು ಅಕ್ಕಾ" ಎಂದ ಅವನು.

ಅತ್ತೆ ಮೂಲೆಯಲ್ಲಿದ್ದ ಮರಿಯೊಂದನ್ನು ಎತ್ತಿ ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿಯತೊಡಗಿದರು. ಮರಿ ಕೂಗಿತು. ತಾಯಿ ಕುರಿ ಒಂದು ಕ್ಷಣ ಹಿಂದೆ ಮುಂದೆ ನೋಡಿ ಹಿಂದೆಯೇ ಇಳಿಯಿತು. ಒಂದು ಇಳಿದ ಮೇಲೆ ಕುರಿಗೆ ಕೇಳಬೇಕೇ, ಉಳಿದವೂ ದಡದಡ ಇಳಿದವು. ಬೀದಿಯ ಜನ ಚಪ್ಪಾಳೆ ತಟ್ಟಿದರು. ಯಜಮಾನರು ಕೊಡೆ ಮಡಿಸಿ ಗೋಡೆಗೆ ಒರಗಿ ಕೂತುಬಿಟ್ಟರು. ಸೀರೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ನಾನು ಮಾಳಿಗೆ ಮೇಲೆ ಆ ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ಬೈಗುಳ ಬರಲಿ, ಕೇಳಿಸಿಕೊಂಡು ಹೋಗಿ ಚೀಲ ಎತ್ತೋಣ ಎಂದುಕೊಂಡೆ. ಅಮ್ಮ ಕಾಲ ಕೆಳಗಿನ ಹಿಕ್ಕೆಯ ರಾಶಿ ನೋಡಿ ಹಿಗ್ಗಿದರು.

"ಎಷ್ಟೊಂದು ಗೊಬ್ಬರ. ಈಗಲೇ ಹಾಕ್ಬಹುದಾ?"

"ಇಲ್ಲಮ್ಮ, ಹಸಿ ಹಿಕ್ಕೆ ಬೇರು ಸುಡ್ತದೆ. ಗುಡ್ಡೆ ಹಾಕಿ, ನೀರು ಚಿಮುಕಿಸಿ, ಕಳೀಲಿಕ್ಕೆ ಬಿಡ್ಬೇಕು. ಮಳೆಗಾಲದ ಹೊತ್ತಿಗೆ ಆಗ್ತದೆ."

"ಅಯ್ಯೋ ದೇವುಡಾ, ಅಲ್ಲೀತನಕ ಬದನೆ ಇಲ್ದೆ ಇರೋದಾ?" ಅಮ್ಮ ಉರುಳಿದ ಕುಂಡಗಳನ್ನು ಒಂದೊಂದಾಗಿ ನೋಡಿದರು. "ಹಂಗಾದ್ರೆ ಆವತ್ತು ಕೊಟ್ಟಿದ್ದೆಯಲ್ಲ, ಅದೇ ಮಣ್ಣು ಕೊಡು ತಲ್ಲೀ. ಎಲ್ಲಾ ಕುಂಡಕ್ಕೂ ಆಗೋವಷ್ಟು. ಗಿಡ ಅಷ್ಟು ರುಚಿಯಾಗಿ ಬೆಳೆದಿದ್ದಕ್ಕೇ ಅಲ್ವಾ ಅವು ಬೇರು ಸಮೇತ ತಿಂದಿದ್ದು."

ಆಗ ಅತ್ತೆ ಮತ್ತೆ ಹತ್ತಿ ಮೆಟ್ಟಿಲ ತುದಿಗೆ ಬಂದಿದ್ದರು. ಅವರಿಗೆ ಪ್ರತಿ ಮಾತೂ ಕೇಳಿಸಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ. ಉಳಿದಿದ್ದ ಹೋಳಿಗೆ ತಿಂದು ನಾವಿಬ್ಬರೂ ಬಸ್ಸು ಹತ್ತಿದೆವು.

ಬಸ್ಸು ಬಿ.ಜಿ. ಕೆರೆ ದಾಟುವವರೆಗೂ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಏನೋ ಯೋಚನೆಯಲ್ಲಿದ್ದರು. ಪಾಪ, ಜಗಲಿ ಹೋಯಿತಲ್ಲ ಎಂಬ ಸಂಕಟ ಇರಬೇಕು ಎನಿಸಿತು.

"ಅತ್ತೆ, ಸಂಜೆ ಹೊತ್ತು ನೀವೇ ಕೂರ್ರಿ ಜಗಲಿ ಮ್ಯಾಲೆ. ನಾನು ಚೀಲ ಒಂದು ಕಡೆ ಸರಿಸ್ತೀನಿ" ಎಂದೆ.

"ಜಗಲಿ ಸುದ್ದಿ ಬಿಡೇ, ಅದು ನಿಂದೇ ಆತಲ್ಲ" ಎಂದರು ಅತ್ತೆ. ಆಮೇಲೆ ಅಕ್ಕಪಕ್ಕ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು. "ಕುರಿ ನುಗ್ಗಿದ ಮನೇರೆಲ್ಲ ನಿನ್ನ ಹತ್ರ ಮಣ್ಣಿಗೆ ಬರ್ಲೇಬೇಕು ನೋಡು. ತಮ್ಮನಿಗೆ ಹೇಳಿ ಬಂದೀನಿ. ನಮ್ಮ ಓಣಿಯಾಗೆ ಮಾಳಿಗೆಗೆ ಹೊರಗಡೆಯಿಂದ ಮೆಟ್ಟಿಲು ಇರೋ ಮನೆ ಯಾವ್ಯಾವು?"