ಡಿಸ್ಕಿಗೆ ಹೋಗಬಾರದ ಸಂಬಂಧ

ಮನುಷ್ಯರ ನೆನಪನ್ನು ನಂಬಬಾರದೆಂದು ಕಂಡವರಿಗೆಲ್ಲ ಉಪದೇಶ ಮಾಡುವ ಚಟ ನನ್ನದು. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಕನ್ನಡದವರಲ್ಲಿ ಒಂದೇ ಕುಲದವರೆಂದರೆ ಅಣ್ಣತಂಗಿ, ಮದುವೆಯ ಮಾತೇ ಇಲ್ಲ. ಯಾರದು ಯಾವ ಕುಲ ಎಂಬುದು ಮಾತ್ರ ಹನುಮಂತನಪಟ್ಟಿಯ ನನ್ನ ದೊಡ್ಡವ್ವನ ಬಾಯಲ್ಲಿದೆ. ಆ ಬಾಯಿ ಎಲೆಅಡಿಕೆಗೂ ಬೇಕಾದ್ದರಿಂದ ವಂಶಾವಳಿ ತುಂಡುತುಂಡಾಗಿ, ಪ್ರತಿಸಲ ಒಂದೊಂದು ಥರ ಹೊರಬರುತ್ತದೆ.

ಅಕ್ಕನ ಮಗಳು ಸೆಲ್ವಿ ತೇವಾರಂನ ಹುಡುಗನನ್ನು ಮೆಚ್ಚಿದಳು. ಎರಡೂ ಮನೆ ಒಂದೇ ಕುಲವಂತೆ ಎಂದು ಯಾರೋ ಊದಿದರು. ಹುಡುಗಿ ಊಟ ಬಿಟ್ಟಳು. ಉದ್ಧಾರಕನಾಗಿ ನಾನೆದ್ದೆ. ತೇನಿಯ ನನ್ನ ಮನೆಯ ಕಂಪ್ಯೂಟರಿನಲ್ಲಿ ಗ್ರಾಫ್ ಡೇಟಾಬೇಸ್ ಹೂಡಿದೆ: ಮನುಷ್ಯರೆಲ್ಲ ಚುಕ್ಕೆ, ಸಂಬಂಧಗಳೆಲ್ಲ ಗೆರೆ. ಇದರ ಹೆಚ್ಚುಗಾರಿಕೆಯೆಂದರೆ ಮಾಹಿತಿಯನ್ನು ಎಲ್ಲಿಡಬೇಕೆಂದು ನಾವೇ ಆರಿಸಬಹುದು. ಕಾನ್ಫಿಗರೇಶನ್ ಫೈಲಿನಲ್ಲಿ ಒಂದು ಸಾಲು ಬದಲಿಸಿದರಾಯಿತು. ಡಿಸ್ಕ್ ಎಂದರೆ ಉಳಿಯುತ್ತದೆ, ಮೆಮೊರಿ ಎಂದರೆ ಕರೆಂಟ್ ಇರುವತನಕ. ಪರೀಕ್ಷೆಗೆಂದು ಮೆಮೊರಿ ಎಂದು ಬರೆದವನು ತಿದ್ದಲು ಮರೆತೆ. ಮೂರು ವಾರ ಕಂಪ್ಯೂಟರ್ ಆರಿಸಲಿಲ್ಲ, ಪುಣ್ಯಕ್ಕೆ ಕರೆಂಟೂ ಹೋಗಲಿಲ್ಲ; ದೊಡ್ಡವ್ವ ಫೋನಿನಲ್ಲಿ ಹೇಳಿದ್ದನ್ನೆಲ್ಲ ನೇರವಾಗಿ ಟೈಪಿಸಿದೆ. ಕಾಗದವೇನಿದ್ದರೂ ಹಿಂದುಳಿದವರಿಗೆ.

ತೇವಾರಂನವರು ಬಂದು ಕೂತ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ತೆರೆಯ ಮೇಲೆ ಒಂದು ಚುಕ್ಕೆಯೂ ಇಲ್ಲ.

"ಏನ್ ಮಚ್ಚಾನ್, ನಿಮ್ ವಂಶಾನೇ ಕಾಣಲ್ಲ?" ಎಂದರು ಹುಡುಗನ ಅಪ್ಪ, ನೆಂಟಸ್ತನ ಆಗಲೇ ಕುದುರಿದವರಂತೆ ನನ್ನನ್ನು ಭಾವನನ್ನಾಗಿಸಿ.

ಅಕ್ಕನ ಜೊತೆ ಬಂದಿದ್ದ ದೊಡ್ಡವ್ವ, "ಮಗಾ, ನಾ ಎಲೆನೂ ಇಷ್ಟು ಬೇಗ ಉಗುಳಾಕಿಲ್ಲ" ಎಂದಳು.

ಸೆಲ್ವಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸಾಲನ್ನು ಡಿಸ್ಕ್ ಎಂದು ತಿದ್ದಿ, ದೊಡ್ಡವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ತುಂಬಿಸಿದೆ. ಸಂಜೆಯ ಹೊತ್ತಿಗೆ ಉತ್ತರ ಬಂತು: ಬೇರೆ ಬೇರೆ ಕುಲ. ನಿಶ್ಚಯದ ತಾಂಬೂಲದ ತಟ್ಟೆ ಬದಲಾಯಿಸಿಕೊಂಡರು. ಸೆಲ್ವಿ ಎರಡು ಸಲ ಬಡಿಸಿಕೊಂಡು ಉಂಡಳು.

ಎಲ್ಲರೂ ಹೋದಮೇಲೆ, ಗೆದ್ದ ಹಮ್ಮಿನಲ್ಲಿ, ನನ್ನ ಮತ್ತು ಹೆಂಡತಿಯ ಹೆಸರು ಕೊಟ್ಟು ನೋಡಿದೆ. ಒಂದೇ ಕುಲ! ಇಪ್ಪತ್ತೆರಡು ವರ್ಷದ ಸಂಸಾರ, ಎರಡು ಮಕ್ಕಳು, ಅಣ್ಣತಂಗಿ. ಇದು ತಪ್ಪೆಂದರೆ ಸೆಲ್ವಿಯ ಉತ್ತರವನ್ನು ಯಾರು ನಂಬುತ್ತಾರೆ? ಸರಿಯೆಂದರೆ ನಾನು ಎಲ್ಲಿ ಮಲಗಬೇಕು?

ಸಾಲನ್ನು ಮತ್ತೆ ಮೆಮೊರಿ ಎಂದು ತಿದ್ದಿ, ಡಿಸ್ಕಿನಲ್ಲಿದ್ದದ್ದನ್ನೂ ಅಳಿಸಿದೆ.

"ನಮ್ದು ನೋಡಿದ್ರಾ? ಏನ್ ಬಂತು?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಎಲ್ಲಾ ಮತ್ತೆ ಹೋಯ್ತು ಕಣೇ."

"ಒಂದು ಸಾಲು ನೆಟ್ಟಗೆ ಬರೆಯಕ್ಕೆ ಬರಲ್ಲ ನಿಮಗೆ."

ನಾನು ತಲೆ ತಗ್ಗಿಸಿದೆ. ಇಷ್ಟು ನೆಟ್ಟಗಿನ ಸಾಲನ್ನು ಜನ್ಮದಲ್ಲಿ ಬರೆದಿರಲಿಲ್ಲ.