ಗೋಲ್‌ಕೀಪರನ ಒಂದು ಅಂಕ

ಕಳೆದ ವರ್ಷ ಸೆಪ್ಟೆಂಬರ್ ಮೊದಲ ಭಾನುವಾರದಿಂದ ಈ ವರ್ಷ ಮೇ ತಿಂಗಳವರೆಗೆ ನಡೆದದ್ದು ಇದು. ಓದೂ ಆಟವೂ ಒಂದೇ ಕಾಂಪೌಂಡಿನಲ್ಲಿರುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ನನಗೆ ಸಮಯವಿತ್ತು, ಬರೆದಿಟ್ಟುಕೊಂಡೆ.

ನಾನು ರಾಣೆಬೆನ್ನೂರಿನವನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ದೋಹಾದ ಒಂದು ಖಾಸಗಿ ಕಾಲೇಜಿನಲ್ಲಿ ಫುಟ್‌ಬಾಲ್ ತಂಡದವರಿಗೆ ಪಾಠ ಹೇಳಿಕೊಡುವುದು ನನ್ನ ಕೆಲಸ. ನಿಯಮ ಸರಳ. ಯಾವುದೇ ವಿಷಯದಲ್ಲಿ ಅರವತ್ತಕ್ಕಿಂತ ಕಡಿಮೆ ಬಂದರೆ ಹೆಸರು ಕೆಂಪು ಪಟ್ಟಿಗೆ ಹೋಗುತ್ತದೆ. ಕೆಂಪು ಪಟ್ಟಿಯವನು ಪಂದ್ಯ ಆಡುವಂತಿಲ್ಲ. ಸತತ ಎರಡು ಟರ್ಮ್ ಕೆಂಪಾದರೆ ಕ್ರೀಡಾ ಸೀಟು ರದ್ದು, ಕಾಲೇಜಿನಿಂದ ಹೊರಗೆ. ಪಟ್ಟಿ ಮಾಡುವವನು ನಾನು. ಹಾಗಾಗಿ ಕ್ಯಾಂಟೀನಿನಲ್ಲಿ ನನ್ನ ಎದುರಿನ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು.

1. ಕುರ್ಚಿಗಳು

ಮೊದಲ ಟರ್ಮ್ ಮುಗಿಯುವವರೆಗೆ ಇಡೀ ತಂಡ ದಿನಕ್ಕೆ ಒಂದು ಗಂಟೆ ನನ್ನ ಕೋಣೆಯಲ್ಲಿ ಕೂತು ಓದಬೇಕೆಂದು ಆದೇಶ. ನಾನು ಹನ್ನೆರಡು ಕುರ್ಚಿಗಳನ್ನು ಮೂರು ಸಾಲಿನಲ್ಲಿ, ಸಾಲಿಗೆ ನಾಲ್ಕರಂತೆ, ಅಳತೆ ಹಿಡಿದು ಜೋಡಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಕ್ಯಾಪ್ಟನ್ ಎಲ್ಲವನ್ನೂ ಬದಲಿಸಿದ್ದ. ಬಾಗಿಲ ಬಳಿ ಮೂವರು, ನಡುವೆ ಮೂವರು, ಆಮೇಲೆ ನಾಲ್ವರು. ಕೊನೆಯಲ್ಲಿ, ನನ್ನ ಮೇಜಿಗೆ ಬೆನ್ನು ಮಾಡಿಕೊಂಡು ಗೋಲ್‌ಕೀಪರ್. ಮಿಕ್ಕ ಒಂದು ಕುರ್ಚಿ, ಮೇಜಿನ ಹಿಂದೆ, ನನಗೆ.

"ಇದೇನು?" ಎಂದೆ.

"ಮೈದಾನದಲ್ಲಿ ನಮ್ಮ ಜಾಗಗಳು ಇವೇ, ಉಸ್ತಾದ್. ಬೇರೆ ಕಡೆ ಕೂತರೆ ತಲೆ ಓಡುವುದಿಲ್ಲ" ಎಂದ ಕ್ಯಾಪ್ಟನ್. ಉಸ್ತಾದ್ ಎಂದರೆ ಇಲ್ಲಿ ಮೇಷ್ಟ್ರು.

ಬಾಗಿಲ ಬಳಿಯ ಸ್ಟ್ರೈಕರ್ ಫೋನು ನೋಡುತ್ತಿದ್ದ. ಅವನನ್ನು ನನ್ನ ಪಕ್ಕಕ್ಕೆ ಕರೆದೆ. ಅವನು ಎದ್ದು ಬಂದ. ತಕ್ಷಣ ಉಳಿದ ಒಂಬತ್ತು ಜನ ಕುರ್ಚಿ ಎತ್ತಿಕೊಂಡು ಒಂದೊಂದು ಹೆಜ್ಜೆ ಸರಿದರು.

"ನೀವೇಕೆ ಎದ್ದಿರಿ?"

"ಅವನು ಕೆಳಗೆ ಬಂದರೆ ಯಾರಾದರೂ ಮೇಲೆ ಹೋಗಬೇಕಲ್ಲ!"

ಗೋಲ್‌ಕೀಪರ್ ಮಾತ್ರ ಅಲುಗಲಿಲ್ಲ. ತಿರುಗಿ ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿದ: "ಸರ್, ನೀವು ಗೋಲ್ ಒಳಗೆ ಕೂತಿದ್ದೀರಿ."

ಆ ಕೋಣೆಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಅವನು ಇಲ್ಲೇ ಹುಟ್ಟಿದವನು. ಅಪ್ಪ ಅಮ್ಮ ಉಡುಪಿ ಕಡೆಯವರು, ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅಲ್ಪಸ್ವಲ್ಪ. ಆ ಅಲ್ಪಸ್ವಲ್ಪವೇ ನನಗೆ ವಾರಕ್ಕೆ ಸಾಕಾಗುತ್ತಿತ್ತು.

2. ಆದರ್ಶ ಆಟಗಾರ

ತಂಡದ ಬಸ್ ಓಡಿಸುವವರು ಬಂಟ್ವಾಳದ ಒಬ್ಬ ಬ್ಯಾರಿ. ಐವತ್ತು ದಾಟಿದವರು. ಹುಡುಗರು ಓದುವಷ್ಟು ಹೊತ್ತು ಅವರು ಬಿಸಿಲಿನಲ್ಲಿ ಬಸ್ಸಿನೊಳಗೆ ಕೂರುವುದು ನೋಡಲಾಗದೆ ಒಳಗೆ ಕರೆದೆ.

"ಬರುವುದಾ ಮಾಸ್ಟ್ರೇ? ನಾನು ಎಂತ ಮಾಡುವುದು ಒಳಗೆ?"

"ಸುಮ್ಮನೆ ಕೂರಿ. ಎ.ಸಿ. ಇದೆ."

ಅವರು ಬಂದರು. ಬಾಗಿಲಲ್ಲಿ ರಿಜಿಸ್ಟರ್ ಇತ್ತು. ಎಲ್ಲರೂ ಸಹಿ ಮಾಡುತ್ತಿದ್ದರು, ಅವರೂ ಮಾಡಿದರು. ಒಂದು ದಿನ ತಪ್ಪಿಸಲಿಲ್ಲ.

ತಿಂಗಳ ಕೊನೆಗೆ ನಾನು ಹಾಜರಾತಿಯ ಗ್ರಾಫ್ ಮಾಡಿ ಕಚೇರಿಗೆ ಕಳಿಸಿದೆ. ನಾನು ಸಹಿಗಳನ್ನು ಎಣಿಸಿದ್ದೆ, ಮುಖಗಳನ್ನಲ್ಲ. ವಾರ ಕಳೆದು ದಪ್ಪ ಕಾಗದದ ಒಂದು ಪ್ರಮಾಣಪತ್ರ ಬಂತು. ನೂರಕ್ಕೆ ನೂರು ಹಾಜರಾತಿಯ ಆದರ್ಶ ಆಟಗಾರ ಎಂದು ಡ್ರೈವರ್ ಹೆಸರಿತ್ತು. ಓದು ಮತ್ತು ಆಟ ಎರಡನ್ನೂ ಸಮನಾಗಿ ತೂಗಿಸಿಕೊಂಡು ಹೋಗುತ್ತಿರುವುದಕ್ಕೆ ಅಭಿನಂದನೆ ಎಂದೂ ಬರೆದಿತ್ತು.

ನಾನು ತಪ್ಪೊಪ್ಪಿಕೊಳ್ಳುವ ಪತ್ರ ಬರೆಯಲು ಕೂತೆ. ಡ್ರೈವರ್ ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

"ಇದನ್ನು ವಾಪಸ್ ಕೊಡಬೇಕಾ ಮಾಸ್ಟ್ರೇ?"

"ಕೊಡಬೇಕು."

"ನನ್ನ ಮಗಳು ಊರಲ್ಲಿ ಪಿಯುಸಿ. ಫೋನಿನಲ್ಲಿ ಓದು ಓದು ಅಂತ ಹೇಳಿದರೆ ನಗಾಡ್ತಾಳೆ, ನೀವು ಎಷ್ಟು ಓದಿದ್ದೀರಿ ಅಂತ. ಒಂದು ಫೋಟೋ ತೆಗೆದು ಕಳಿಸ್ತೇನೆ. ಆಮೇಲೆ ಕೊಡುವ."

ಕಳಿಸಿದರು. ಮರುದಿನ ಮಗಳ ಉತ್ತರ ತೋರಿಸಿದರು: "ಅಪ್ಪ, ನೀವು ಯಾವ ಪೊಸಿಷನ್‌ನಲ್ಲಿ ಆಡುವುದು?"

3. ಹೆಚ್ಚುವರಿ ಸಮಯ

ಡಿಸೆಂಬರಿನಲ್ಲಿ ಮೊದಲ ಟರ್ಮ್ ಪರೀಕ್ಷೆ. ಭೌತಶಾಸ್ತ್ರದ ಪ್ರೊಫೆಸರ್ ಜೋರ್ಡಾನಿನವರು. ವರ್ಷವಿಡೀ ಟೈ ಕಟ್ಟುವ ಮನುಷ್ಯ. ಅವರ ಜೊತೆ ಮೇಲ್ವಿಚಾರಣೆಗೆ ನಾನೂ ಇದ್ದೆ. ಪರೀಕ್ಷೆಯ ನಡುವೆ ಬೆಂಕಿಯ ಅಲಾರಂ ಹೊಡೆದುಕೊಂಡಿತು. ಎಲ್ಲರೂ ಹೊರಗೆ ಹೋಗಿ ನಿಂತು ಒಳಗೆ ಬಂದರು. ಯಾರೋ ಪ್ಯಾಂಟ್ರಿಯಲ್ಲಿ ಬ್ರೆಡ್ ಸುಟ್ಟಿದ್ದರು. ಪ್ರೊಫೆಸರ್ ಆ ಸಮಯವನ್ನು ಸೇರಿಸಿಕೊಡುವ ಮಾತೇ ಆಡಲಿಲ್ಲ.

ಕೋಚ್ ಟ್ಯುನೀಷಿಯಾದವರು. ಹಾಲ್‌ನೊಳಗೆ ಬರಲು ಅವರಿಗೆ ಅನುಮತಿಯಿಲ್ಲ. ಗಂಟೆ ಬಾರಿಸಲು ಒಂದು ನಿಮಿಷ ಇರುವಾಗ ಅವರು ಗಾಜಿನ ಬಾಗಿಲಿನ ಆಚೆ ಕಾಣಿಸಿಕೊಂಡರು. ಮೈದಾನದಲ್ಲಿ ಆಟಗಾರರನ್ನು ಬದಲಿಸುವಾಗಲೂ ಹೆಚ್ಚುವರಿ ನಿಮಿಷ ತೋರಿಸುವಾಗಲೂ ಎತ್ತಿ ಹಿಡಿಯುವ ಬೋರ್ಡು ಅವರ ತಲೆಯ ಮೇಲಿತ್ತು. ಹಸಿರು ದೀಪದಲ್ಲಿ ಅಂಕಿ: 4.

ಪ್ರೊಫೆಸರ್ ಬೋರ್ಡು ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ನಾಲ್ಕು ಸರಿಯೇ?"

ನಾನು ಅಳೆದಿದ್ದೆ. "ನಾಲ್ಕು ನಿಮಿಷ ಹತ್ತು ಸೆಕೆಂಡ್, ಸರ್."

"ನಾಲ್ಕು" ಎಂದರು ಪ್ರೊಫೆಸರ್. "ಖಲಾಸ್."

ಆ ನಾಲ್ಕು ನಿಮಿಷದಲ್ಲಿ ಗೋಲ್‌ಕೀಪರ್ ಸರಿಯಾಗಿದ್ದ ಎರಡು ಉತ್ತರ ಹೊಡೆದುಹಾಕಿ ತಪ್ಪು ಬರೆದ. ಬಂದದ್ದು ಐವತ್ತೆರಡು.

4. ಶುಕ್ರವಾರದ ಫೋನು

ಐವತ್ತೆರಡರಿಂದಾಗಿ ಅವನೊಬ್ಬನೇ ಕೆಂಪಾದ. ಉಳಿದವರಿಗೆ ನನ್ನ ಕೋಣೆಯಿಂದ ಮುಕ್ತಿ ಸಿಕ್ಕಿತು. ಜನವರಿಯಿಂದ ಕೋಣೆಯಲ್ಲಿ ನಾನು, ಅವನು ಮತ್ತು ಹತ್ತು ಖಾಲಿ ಕುರ್ಚಿ. ತಂಡ ಬೇರೊಬ್ಬ ಕೀಪರನನ್ನು ನಿಲ್ಲಿಸಿ ಸೋಲುತ್ತಿತ್ತು. ಮೇ ಪರೀಕ್ಷೆಯಲ್ಲಿ ಅರವತ್ತು ಬಾರದಿದ್ದರೆ ಅವನ ಸೀಟು ಹೋಗುತ್ತಿತ್ತು. ಅವನು ದಿನಾ ಬಂದ. ಮೊದಲ ಕಿರುಪರೀಕ್ಷೆಯಲ್ಲಿ ನಲವತ್ತೊಂದು, ಆಮೇಲೆ ನಲವತ್ತೆಂಟು, ಆಮೇಲೆ ಐವತ್ತೈದು. ನಾನು ಗ್ರಾಫ್ ಗೀಚಿ ಗೆರೆಯನ್ನು ಮೇ ತನಕ ಎಳೆದು ಗೋಡೆಗೆ ಅಂಟಿಸಿದೆ.

ಶುಕ್ರವಾರ ಇಲ್ಲಿ ರಜೆ. ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ನನ್ನ ಕೋಣೆ. ಕಿಟಕಿ ತೆರೆದರೆ ಎದುರು ಮನೆಯ ಎ.ಸಿ. ಯಂತ್ರದ ಬೆನ್ನು. ಒಮ್ಮೆ ಕನ್ನಡದವರ ಕೂಟವೊಂದಕ್ಕೆ ಹೋಗಿದ್ದೆ. ಐದು ನಿಮಿಷ ಕನ್ನಡ ಆಯಿತು, ಆಮೇಲೆ ಎಲ್ಲರೂ ತುಳುವಿಗೆ ಹೊರಳಿದರು. ಮೂರು ಗಂಟೆ ಎಲ್ಲರ ಜೊತೆ ನಕ್ಕು ಬಂದೆ. ಯಾವುದಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಒಂದು ಶುಕ್ರವಾರ ಆಡಿದ ಮಾತುಗಳನ್ನು ಎಣಿಸಿದೆ. ಸಂಜೆ ನಾಲ್ಕರವರೆಗೆ ಎರಡು: ಅಂಗಡಿಯವನಿಗೆ "ಕವರ್ ಬೇಡ". ಆಗ ಫೋನು ಬಂತು. ಗೋಲ್‌ಕೀಪರ್.

"ಸರ್, ನಂಗೆ ಒಂದು ಡೌಟ್ ಉಂಟು. ಎಸೆದ ಬಾಲ್ ಲೆಕ್ಕ."

ನಾನು ಎದ್ದು ಕೂತೆ. ವೇಗದಿಂದ ಶುರು ಮಾಡಿದೆ. ಅದನ್ನು ಅಡ್ಡ ಮತ್ತು ಲಂಬ ಎಂದು ಒಡೆದೆ. ಗುರುತ್ವಕ್ಕೆ ಬಂದೆ. ಗಾಳಿಯ ತಡೆ ಪಠ್ಯದಲ್ಲಿಲ್ಲ, ಅದನ್ನೂ ಹೇಳಿದೆ. ಚಂದ್ರನ ಮೇಲೆ ಒದ್ದರೆ ಏನಾಗುತ್ತದೆ ಎಂದೂ ಹೇಳಿದೆ. ನಡುವೆ ಅವನು "ಹೂಂ ಸರ್" ಎನ್ನುತ್ತಿದ್ದ. ನಲವತ್ತು ನಿಮಿಷವಾಯಿತು.

"ಅರ್ಥ ಆಯಿತಾ?"

"ಆಯಿತು ಸರ್. ಆದರೆ ನನ್ನ ಡೌಟ್ ಮೂರನೇ ಲೆಕ್ಕದಲ್ಲಿ. ನೀವು ಹೇಳಿದ್ದು ನಾಲ್ಕನೆಯದು."

"ಮೊದಲೇ ಹೇಳಬಾರದೇನೋ?"

"ನೀವು ತುಂಬ ಖುಷಿಯಲ್ಲಿ ಇದ್ದಿರಿ, ಸರ್."

5. ಕಾರಣ ಕೊಡಿ

ಮೇ ತಿಂಗಳ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಹನ್ನೊಂದು ಮೀಟರ್ ದೂರದಿಂದ ಚೆಂಡು ಸೆಕೆಂಡಿಗೆ ಇಪ್ಪತ್ತೈದು ಮೀಟರ್ ವೇಗದಲ್ಲಿ ಗೋಲಿನ ಮೂಲೆಗೆ ಬರುತ್ತದೆ. ಕೀಪರ್ ಮೂಲೆ ತಲುಪಲು 0.6 ಸೆಕೆಂಡ್ ಬೇಕು. ಅವನು ಹಿಡಿಯಬಲ್ಲನೇ? ಕಾರಣ ಕೊಡಿ.

ನಮ್ಮವನು ಸಮಯವನ್ನು ಸರಿಯಾಗಿ ಲೆಕ್ಕ ಹಾಕಿದ್ದ, 0.44 ಸೆಕೆಂಡ್. ಹಿಡಿಯಲಾರ ಎಂದೂ ಬರೆದಿದ್ದ. ಕೆಳಗೆ: "ಕಾರಣ: ನಾನು ಗೋಲ್‌ಕೀಪರ್. ನನಗೆ ಗೊತ್ತು." ಅದಕ್ಕೆ ಪ್ರೊಫೆಸರ್ ಒಂದು ಅಂಕ ಕಳೆದಿದ್ದರು.

ಆದರೂ ಉತ್ತರಪತ್ರಿಕೆಯ ಮೇಲೆ ಮೊತ್ತ ಅರವತ್ತು ಎಂದಿತ್ತು. ಕೋಚ್ ಕಾರಿಡಾರಿನಲ್ಲಿ ನನ್ನನ್ನು ಅಪ್ಪಿ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಕೋಣೆಗೆ ಹೋಗಿ, ಪಟ್ಟಿಗೆ ಸೇರಿಸುವ ಮೊದಲು, ಅಭ್ಯಾಸದಂತೆ ಒಳಗಿನ ಅಂಕಗಳನ್ನು ಕೂಡಿದೆ. ಐವತ್ತೊಂಬತ್ತು. ಕೆಳಗಿನಿಂದ ಮೇಲಕ್ಕೆ ಕೂಡಿದೆ. ಐವತ್ತೊಂಬತ್ತು. ಪತ್ರಿಕೆ ಹಿಡಿದು ಪ್ರೊಫೆಸರ್ ಬಳಿ ಹೋದೆ.

ಅವರು ಕನ್ನಡಕ ತೆಗೆದರು. "ನಾನು ಹಾಕಿದ ಮೊತ್ತವನ್ನು ಮತ್ತೆ ಕೂಡುತ್ತೀಯಾ? ನಿನಗೆ ಬೇರೆ ಕೆಲಸ ಇಲ್ಲವೇ?"

"ಇಲ್ಲ, ಸರ್."

ಸುದ್ದಿ ಹತ್ತು ನಿಮಿಷದಲ್ಲಿ ತಂಡಕ್ಕೆ ತಲುಪಿತು. ಕೋಚ್ ಸಲಾಂ ನಿಲ್ಲಿಸಿದರು. ಕ್ಯಾಪ್ಟನ್ ನನ್ನನ್ನು ಕಂಡರೆ ದಾರಿ ಬದಲಿಸಿದ. ಡ್ರೈವರ್ ಮಾತ್ರ ಬಸ್ಸಿನ ಕಿಟಕಿಯಿಂದ ತಲೆ ಹಾಕಿದರು. "ಎಂತ ಮಾಸ್ಟ್ರೇ, ಒಂದು ಅಂಕ ಅಲ್ವಾ? ಕಣ್ಣು ಮುಚ್ಚಿದರೆ ಆಗ್ತಿತ್ತಲ್ಲ ಮಾರಾಯ್ರೆ!" ಗೋಲ್‌ಕೀಪರ್ ಕೋಣೆಗೆ ಬರಲಿಲ್ಲ. ಮೂರು ದಿನ ನಾನು ಹನ್ನೊಂದು ಖಾಲಿ ಕುರ್ಚಿಗಳ ಜೊತೆ ಕೂತೆ.

ನಾಲ್ಕನೇ ದಿನ ಪ್ರೊಫೆಸರ್ ನಿಯಮದ ಪುಸ್ತಕ ಹಿಡಿದು ಬಂದರು. "ಒಂದು ಅಂಕದ ಕೊರತೆಗೆ ಒಂದು ಮೌಖಿಕ ಪರೀಕ್ಷೆ ಕೊಡಬಹುದು. ಎಲ್ಲಿ ಎಂದು ಬರೆದಿಲ್ಲ. ಗೊತ್ತು ಎಂದಿದ್ದಾನಲ್ಲ, ಮೈದಾನದಲ್ಲಿ ತೋರಿಸಲಿ. ಹಿಡಿಯಲು ಆಗುವುದಿಲ್ಲ ಎಂದು ತೋರಿಸಿದರೆ ಅಂಕ."

ಸಂಜೆ ನಾಲ್ಕು. ನಲವತ್ತೊಂದು ಡಿಗ್ರಿ. ಪ್ರೊಫೆಸರ್ ಟೈ ಸಡಿಲಿಸದೆ ಗೋಲಿನ ಪಕ್ಕ ನಿಂತರು. ಇಡೀ ತಂಡ ಸುತ್ತ ನೆರೆದಿತ್ತು. ಕೋಚ್ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ಒದೆಯುವವನು ಕ್ಯಾಪ್ಟನ್. ಗೋಲ್‌ಕೀಪರ್ ಮಾಡಬೇಕಾದದ್ದು ಇಷ್ಟೇ: ಹಿಡಿಯಲು ಹಾರುವುದು, ಹಿಡಿಯದಿರುವುದು.

"ಯಲ್ಲಾ!" ಎಂದು ಕೋಚ್ ಒದೆಯಲು ಸೂಚಿಸಿದರು.

ಕ್ಯಾಪ್ಟನ್ ಒದ್ದ. ಚೆಂಡು ಬಲ ಮೂಲೆಗೆ ಹೋಯಿತು. ಜನವರಿಯಿಂದ ಬೆಂಚಿನ ಮೇಲಿದ್ದ ಹುಡುಗ. ಅವನು ಹಾರಿದ್ದನ್ನು ನಾನು ಮೊದಲ ಬಾರಿ ನೋಡಿದ್ದು. ಎರಡೂ ಕೈಯಲ್ಲಿ ಚೆಂಡನ್ನು ಹಿಡಿದು, ಎದೆಗೆ ಅವುಚಿಕೊಂಡು ಉರುಳಿದ. ತಂಡ ಹುಚ್ಚೆದ್ದು ಕೂಗಿತು. ಕೋಚ್ ಫೋನು ಎಸೆದು ಕುಣಿದರು. ಅವನೂ ಎದ್ದು ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದ.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರಿಗೂ ನೆನಪಾಯಿತು.

"ಉತ್ತರ ತಪ್ಪು" ಎಂದರು ಪ್ರೊಫೆಸರ್. "ಹಿಡಿಯಬಹುದು."

ಕೋಚ್ ಕ್ಯಾಪ್ಟನ್ ಕಡೆ ತಿರುಗಿದರು. "ಕತ್ತೆ! ಯಾಕೆ ಮೆಲ್ಲಗೆ ಒದ್ದೆ?"

"ಗೆಳೆಯ ಪಾಸಾಗಲಿ ಅಂತ. ಹಿಡಿದರೆ ಪಾಸು ಅಂದುಕೊಂಡೆ!"

ಗೋಲ್‌ಕೀಪರ್ ಚೆಂಡು ಇಳಿಸಿರಲಿಲ್ಲ. ನನ್ನನ್ನು ನೋಡಿದ. ಪರೀಕ್ಷೆ ಅವನದು, ನಾನು ಬಾಯಿ ಬಿಡುವಂತಿರಲಿಲ್ಲ.

"ಪ್ರೊಫೆಸರ್, ಇದು ಇಪ್ಪತ್ತೈದು ಅಲ್ಲ" ಎಂದ. ಹುಲ್ಲಿನಲ್ಲಿ ಬಿದ್ದಿದ್ದ ಕೋಚರ ಫೋನು ಎತ್ತಿಕೊಂಡು ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸಿದ. ತುಟಿ ಅಲುಗಿಸುತ್ತ ಎಣಿಸಿದ. "ಒದೆತದಿಂದ ಕೈವರೆಗೆ ಇಪ್ಪತ್ತೇಳು ಚಿತ್ರ. ಸೆಕೆಂಡಿಗೆ ಮೂವತ್ತು. ಅಂದರೆ 0.9 ಸೆಕೆಂಡ್. ವೇಗ ಸುಮಾರು ಹನ್ನೆರಡು. ನನಗೆ ಬೇಕಾದ್ದು 0.6, ಸಿಕ್ಕಿದ್ದು 0.9. ಅದಕ್ಕೇ ಹಿಡಿದೆ. ನಿಮ್ಮ ಪ್ರಶ್ನೆಯಲ್ಲಿ ಸಿಗುವುದು 0.44. ಅದಕ್ಕೇ ಆಗಲ್ಲ."

ಪ್ರೊಫೆಸರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಇದನ್ನು ಕಾರಣ ಎನ್ನುತ್ತಾರೆ" ಎಂದರು. "ಪೆನ್ನು ಕೊಡು."

ಕೊಟ್ಟೆ. ಅವರು ಕಂಕುಳಲ್ಲಿದ್ದ ಪತ್ರಿಕೆ ತೆಗೆದು ಆ ಪ್ರಶ್ನೆಯ ಮುಂದೆ ಒಂದು ಅಂಕ ಸೇರಿಸಿ, ಮೊತ್ತ ಹಾಕದೆ ನನ್ನ ಕೈಗಿಟ್ಟರು. "ನೀನೇ ಕೂಡು. ಹೇಗೂ ಕೂಡುತ್ತೀಯ."

ಕೆಂಪು ಪಟ್ಟಿಯಿಂದ ಹೊರಬಂದರೆ ಅವನು ಇನ್ನು ನನ್ನ ಕೋಣೆಗೆ ಬರಬೇಕಿಲ್ಲ. ಅದು ಗೊತ್ತಿದ್ದೇ ಬಿಸಿಲಿನಲ್ಲಿ ನಿಂತು, ಹನ್ನೊಂದು ಜನ ಹೆಗಲ ಮೇಲಿನಿಂದ ಇಣುಕುತ್ತಿರುವಾಗ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕೂಡಿದೆ.

ಅರವತ್ತು.