ಬಂಡಿ ಹೊಡೆದವರ ಹೆಸರು

೨೦೦೨ನೇ ಇಸವಿಯಲ್ಲಿ, ಹಳೆಯ ಸಿನಿಮಾಗಳ ಕ್ಯಾಸೆಟ್ಟು ಮತ್ತು ಸಿಡಿಗಳಲ್ಲಿ ಉತ್ತಮವಾದುದನ್ನು ಆರಿಸಲು ಹೆಗ್ಗಡದೇವನಕೋಟೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಇದರ ಅಗತ್ಯವೇನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಸಮಿತಿ ಆಗುತ್ತಿತ್ತು. ಅಧ್ಯಕ್ಷರು ಕಾಂತರಾಜು, ನಿವೃತ್ತಿಗೆ ಆರು ತಿಂಗಳು ಬಾಕಿಯಿದ್ದ ಅಧಿಕಾರಿ. ಗುಮಾಸ್ತ ಮಂಟಯ್ಯ. ಸಮಿತಿಗೆ ಜೀಪು ಬಂತು, ನಾಮಫಲಕ ಬಂತು. ಸಿನಿಮಾ ಹಾಕಿ ನೋಡುವ ಪ್ಲೇಯರು ಮಾತ್ರ ಮಂಜೂರಾಗಲಿಲ್ಲ. ಅದರಿಂದ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ.

ಮೊದಲ ಪ್ರಕಟಣೆ ಹೀಗಿತ್ತು: 'ನಮ್ಮ ತಾಲ್ಲೂಕಿನಲ್ಲೇ ಚಿತ್ರೀಕರಣಗೊಂಡ “ಹೊಳೆ ದಾಟಿದ ಗೌಡ್ತಿ” ಚಿತ್ರದ ಪ್ರತಿಗಳನ್ನು ಹೊಂದಿರುವವರು ಸಮಿತಿಗೆ ಸಲ್ಲಿಸತಕ್ಕದ್ದು. ಉತ್ತಮವೆಂದು ತೀರ್ಮಾನವಾದ ಪ್ರತಿಯನ್ನು ನಕಲು ಮಾಡಿಸಿ ಶಾಶ್ವತವಾಗಿ ಕಾಪಾಡಲಾಗುವುದು.'

ಎರಡು ಪ್ರತಿಗಳು ಬಂದವು. ಒಂದನ್ನು ಸಿಡಿ ಕಂಪನಿಯವರು ಒಂದು ಡಬ್ಬ ಗೋಡಂಬಿಯ ಜೊತೆ ಕಳಿಸಿದ್ದರು. ಇನ್ನೊಂದನ್ನು ಅಂತರಸಂತೆಯ ತಿಮ್ಮಮ್ಮ ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಳು. ಅದು ಹಳೆಯ ವಿಡಿಯೊ ಕ್ಯಾಸೆಟ್ಟು, ಬೂಷ್ಟು ಹಿಡಿಯತೊಡಗಿತ್ತು.

"ಇದ್ರಾಗೆ ನಮ್ಮೆಜಮಾನ್ರು ಅವ್ರೆ ಸ್ವಾಮಿ," ಅಂದಳು. "ಬಂಡಿ ಒಡ್ಕಂಡು ಒಳೆ ದಾಟ್ತಾರೆ. ತೀರ್ಕಂಡು ಒಂಬತ್ತು ವರ್ಸ ಆಯ್ತು. ಮನೇಲಿ ಅವರದ್ದೊಂದು ಪೋಟ ಇಲ್ಲ. ಸಿಡೀಲಿ ಆ ಬಂಡೀನೇ ಕತ್ತರ್ಸಾಕವ್ರೆ. ಇದೊಂದ್ರಲ್ಲೇ ಇರಾದು. ಇದು ಕೆಟ್ಟೋಯ್ತದೆ, ಬ್ಯಾಗ ನಕಲು ಮಾಡ್ಸಿಕೊಡಿ."

"ಒಂದ್ಸಲ ಆಕಿ ನೋಡಿ," ಎಂದೂ ಕೇಳಿದಳು.

"ಸಮಿತಿ ಇರೋದು ಸಿನಿಮಾ ನೋಡೋಕಲ್ಲಮ್ಮ, ಆಯ್ಕೆ ಮಾಡೋಕೆ," ಎಂದರು ಕಾಂತರಾಜು, ಗೋಡಂಬಿ ಅಗಿಯುತ್ತ.

ಮಂಟಯ್ಯ ನಮೂನೆ ಬಿಡಿಸಿದ. ಕಾಲಂ ಹನ್ನೊಂದು: ದೃಶ್ಯದಲ್ಲಿ ಕಾಣುವ ವ್ಯಕ್ತಿಯ ಹೆಸರು.

"ಯಜಮಾನ್ರ ಹೆಸರೇನಮ್ಮ?"

ತಿಮ್ಮಮ್ಮ ತಲೆ ತಗ್ಗಿಸಿದಳು. ಮದುವೆಯಾದ ದಿನದಿಂದ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆಂದು ಅತ್ತೆ ಹೇಳಿಕೊಟ್ಟಿದ್ದಳು. ಆಯಸ್ಸು ಮುಗಿದ ಮೇಲೂ ನಾಲಿಗೆ ಏಳುತ್ತಿರಲಿಲ್ಲ.

"ನಾನೆಂಗೆ ಏಳ್ಲಿ ಸ್ವಾಮಿ? ಅದೇ ಕಣಪ್ಪ, ನಂಜನಗೂಡಲ್ಲಿ ಕುಂತವ್ನಲ್ಲ, ಆ ದ್ಯಾವ್ರ ಎಸ್ರೇಯ."

ಆ ಸೀಮೆಯ ಯಾವ ಮಗುವಿಗಾದರೂ ಅರ್ಥವಾಗುವ ಮಾತು. ಮಂಟಯ್ಯನಿಗೂ ಅರ್ಥವಾಗಿತ್ತು, ಅವನ ಹೆಂಡತಿಯೂ ಹೀಗೇ ಹೇಳುವವಳು. ಆದರೆ ಹೇಳಿಕೆಯನ್ನು ಹೇಳಿದಂತೆಯೇ ಬರೆಯಬೇಕೆಂದು ನಿಯಮವಿತ್ತು. ಅವನು ಬರೆದ: 'ಬಂಡಿ ಹೊಡೆಯುತ್ತಿರುವವರು ನಂಜನಗೂಡಿನ ದೇವರು.'

ಕಾಂತರಾಜು ಓದಿ ಎದ್ದು ನಿಂತರು. ದೇವರು ಕಾಣಿಸಿಕೊಂಡ ಕ್ಯಾಸೆಟ್ಟನ್ನು ಸಿಡಿಯೊಂದಿಗೆ ಸ್ಪರ್ಧೆಗೆ ಬಿಡುವುದು ಭಕ್ತರ ಭಾವನೆಗೆ ಧಕ್ಕೆ ತರುವ ವಿಷಯ. ಕಡತ ದೈವದೃಶ್ಯ ಪರಿಶೀಲನಾ ಘಟಕಕ್ಕೆ ಹೋಯಿತು. ಅಂಥದೊಂದು ಘಟಕ ಇರಲಿಲ್ಲವಾದ್ದರಿಂದ ಮೊದಲು ಅದನ್ನು ಸ್ಥಾಪಿಸಲಾಯಿತು. ನಾಲ್ಕು ತಿಂಗಳಿಗೆ ಉತ್ತರ ಬಂತು: 'ಸದರಿ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿ ತಿರುಗಿಸುವುದು ಅಪಚಾರ. ನಕಲು ಮಾಡುವುದು ಇನ್ನೂ ದೊಡ್ಡ ಅಪಚಾರ. ಪೂಜೆಗೆ ಅಡ್ಡಿಯಿಲ್ಲ.'

ಸಿಡಿ ಅವಿರೋಧವಾಗಿ ಉತ್ತಮವೆಂದು ಆಯ್ಕೆಯಾಯಿತು. ಒಡೆದರೆ ಹಳೆಯ ಮಾಲಾಗುತ್ತದೆಂದು ಅದರ ಪ್ಲಾಸ್ಟಿಕ್ಕನ್ನು ಇವತ್ತಿಗೂ ಯಾರೂ ಬಿಚ್ಚಿಲ್ಲ.

ಕ್ಯಾಸೆಟ್ಟನ್ನು ಕಚೇರಿಯ ಗಾಜಿನ ಬೀರುವಿನಲ್ಲಿಟ್ಟು, ಕುಂಕುಮ ಹಚ್ಚಿ, ಹೂವು ಮುಡಿಸಿದರು. ಮುಂದೆ ಹುಂಡಿ ಬಂತು. ದೂರದ ಎನ್. ಬೇಗೂರಿನಿಂದಲೂ ಜನ ಹರಕೆ ಹೊತ್ತು ಬರತೊಡಗಿದರು. ಪೂಜೆ ನಿಲ್ಲಬಾರದೆಂದು ಕಾಂತರಾಜು ಅವರ ಸೇವೆಯನ್ನು ಎರಡು ವರ್ಷ ಮುಂದುವರಿಸಲಾಯಿತು. ಹೀಗೆ ಎಲ್ಲರಿಗೂ ಒಳ್ಳೆಯದೇ ಆಯಿತು, ತಿಮ್ಮಮ್ಮನನ್ನು ಬಿಟ್ಟು.

ಅವಳು ಏಳು ಸಲ ಬಂದು ಹೋದಳು. ನಕಲು ಬೇಡ, ಕ್ಯಾಸೆಟ್ಟನ್ನಾದರೂ ವಾಪಸು ಕೊಡಿ ಎಂದಳು. ದೇವರನ್ನು ಮನೆಗೆ ಕೊಟ್ಟು ಕಳಿಸಲು ಬರುವುದಿಲ್ಲ ಎಂದರು. ಅಷ್ಟರಲ್ಲಿ ಊದುಬತ್ತಿ ಹೊಗೆಗೂ ಮಂಗಳಾರತಿಯ ಬಿಸಿಗೂ ಟೇಪು ಸುರುಟಿಕೊಂಡಿತ್ತು. ಇಂಥ ನಾಚಿಕೆಗೇಡನ್ನು ತಡೆಯಲು ಒಂದು ಸಾಲಿನ ತಿದ್ದುಪಡಿ ಸಾಕಿತ್ತು. ಮಂಟಯ್ಯನ ಕೈಯಲ್ಲಿ ಪೆನ್ನೂ ಇತ್ತು.

ಎಂಟನೇ ಸಲ ಬಂದವಳು ಬೀರುವಿನ ಮುಂದೆ ನಿಂತಳು. ಗಾಜಿನೊಳಗೆ ಟೇಪು ಸುರುಟಿದ್ದು ಕಂಡಿತು. ನಲವತ್ತು ವರ್ಷ ಬಾಯಿಗೆ ಬಾರದಿದ್ದುದು ಬಂದೇಬಿಟ್ಟಿತು.

"ನಂಜಯ್ಯ!" ಎಂದು ಕೂಗಿದಳು. "ನನ್ ಗಂಡ ಕಣ್ರಪ್ಪೋ! ಅವ್ನ ಎಸ್ರು ನಂಜಯ್ಯ!"

ಮಂಟಯ್ಯ ಕಾಲಂ ಹನ್ನೊಂದನ್ನು ತೆಗೆದು ನೋಡಿದ; ಅವಳ ಅಂದಿನ ಹೇಳಿಕೆಗೂ ಬರಹಕ್ಕೂ ತಾಳೆಯಾಗುತ್ತಿತ್ತು. ಮುಚ್ಚಿಟ್ಟ.

ಸಾಲಿನಲ್ಲಿದ್ದ ಒಬ್ಬ ಮುದುಕಿ, "ಮೈಮೇಲೆ ಬಂದದೆ, ಜಾಗ ಬುಡ್ರಪ್ಪ," ಅಂದಳು. ಜನ ಹಿಂದೆ ಸರಿದು ಕೈ ಮುಗಿದರು. ಕಾಂತರಾಜು ಚಪ್ಪಲಿ ಬಿಟ್ಟು ಮುಂದೆ ಬಂದು, ತಿಮ್ಮಮ್ಮನ ಕೈಗೆ ಒಂದು ಹೋಳು ತೆಂಗಿನಕಾಯಿ ಇಟ್ಟು, ತಮ್ಮ ಸೇವೆ ಇನ್ನೂ ಮುಂದುವರಿಯುವ ಬಗ್ಗೆ ಅಪ್ಪಣೆ ಕೇಳಿದರು.